ಡಾಕ್ಟ್ರಮ್ಮನ ಜಗಲಿ: ಕನಸಿನ ಪತ್ರಗಳು

ಹೋದ ಸಲ ನಿದ್ದೆ ಬಾರದವರ ಬಗ್ಗೆ ಬರೆದಿದ್ದೆ. ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ, "ಕನಸಿನ ಬಗ್ಗೆ ಕೇಳುವುದಿದ್ದರೆ ಕೇಳಿ" ಅಂತ. ಅದೇ ತಪ್ಪಾಯಿತು. ನಮ್ಮ ಅಂಚೆಯಣ್ಣ ಪತ್ರದ ಕಟ್ಟು ಜಗಲಿ ಮೇಲೆ ಇಟ್ಟು, "ಏನಮ್ಮಾ, ಮನೆಯಲ್ಲಿ ಮದುವೆಯಾ?" ಎಂದು ಕೇಳಿದ. ಅರ್ಧಕ್ಕರ್ಧ ಪತ್ರದಲ್ಲಿ ಹಾವು. ಹಾವಿನವರಿಗೆಲ್ಲ ಸೇರಿ ಒಂದೇ ಉತ್ತರ ಕೊನೆಯಲ್ಲಿದೆ, ಅಲ್ಲಿಯ ತನಕ ತಾಳ್ಮೆ ಇರಲಿ. ಸಂಪಾದಕರು ಕೊಟ್ಟ ಜಾಗ ಎರಡು ಪುಟ. ಕೆಲವರಿಗೆ ಜಾಸ್ತಿ ಬರೆದಿದ್ದೇನೆ, ಕೆಲವರಿಗೆ ಎರಡೇ ಸಾಲು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನಿದ್ದೆ ಮಾಡುವಾಗ ಮಿದುಳು ರೆಸ್ಟ್ ತಗೊಳ್ಳುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದರು. ಮಿದುಳೇ ರೆಸ್ಟ್ ತಗೊಂಡರೆ ಕನಸು ತೋರಿಸುವುದು ಯಾರು? ಕನಸು ಯಾಕೆ ಬೀಳುತ್ತದೆ?
— ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿ

ಪುಟ್ಟೀ, ಈ ಕಟ್ಟಿನಲ್ಲಿ ನಿನ್ನದೇ ಒಳ್ಳೆಯ ಪ್ರಶ್ನೆ. ಮೇಷ್ಟ್ರನ್ನು ನಾನು ಬೈಯುವುದಿಲ್ಲ. ಸುಮಾರು ಎಪ್ಪತ್ತು ವರ್ಷದ ಹಿಂದಿನ ತನಕ ದೊಡ್ಡ ದೊಡ್ಡ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು.

ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ ಇದ್ದ. ಪ್ರಯೋಗಕ್ಕೆ ಸಿಕ್ಕಿದ್ದು ಸ್ವಂತ ಮಗ, ಎಂಟು ವರ್ಷದ ಹುಡುಗ. ಅವನ ಕಣ್ಣಿನ ಪಕ್ಕಕ್ಕೆ, ತಲೆಗೆ ತಂತಿ ಅಂಟಿಸಿ ಮಲಗಿಸಿದ. ಯಂತ್ರದ ಪೆನ್ನು ಕಾಗದದ ಮೇಲೆ ನಿಧಾನ ಗೀಟು ಎಳೆಯುತ್ತಾ ಇತ್ತು. ಸ್ವಲ್ಪ ಹೊತ್ತಿಗೆ ಪೆನ್ನು ಹುಚ್ಚು ಹಿಡಿದ ಹಾಗೆ ಆ ಕಡೆ ಈ ಕಡೆ ಓಡತೊಡಗಿತು. ಹುಡುಗ ಎದ್ದು ಕಣ್ಣು ಬಿಟ್ಟು ಕೂತಿದ್ದಾನೆ ಅಂದುಕೊಂಡು ಹೋಗಿ ನೋಡಿದರೆ ಗಾಢ ನಿದ್ದೆ. ಮುಚ್ಚಿದ ರೆಪ್ಪೆಯೊಳಗೆ ಗುಡ್ಡೆ ಮಾತ್ರ ಸರಸರ ಓಡುತ್ತಿದೆ. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಅವನ ಗುರು ನಥಾನಿಯೆಲ್ ಕ್ಲೈಟ್‌ಮನ್ ಇದನ್ನು ಪ್ರಕಟಿಸಿದರು. ಕಣ್ಣು ಓಡುವಾಗ ಎಬ್ಬಿಸಿ ಕೇಳಿದರೆ ಹೆಚ್ಚಿನವರು "ಕನಸು ಕಾಣುತ್ತಿದ್ದೆ" ಎಂದರು. ಈ ನಿದ್ದೆಗೆ ಈಗ ರೆಮ್ (ರ್ಯಾಪಿಡ್ ಐ ಮೂವ್‌ಮೆಂಟ್, ಕಣ್ಣು ಸರಸರ ಓಡುವುದು) ನಿದ್ದೆ ಎನ್ನುತ್ತಾರೆ. ನಾನು ಕಣ್ಣೋಟದ ನಿದ್ದೆ ಎನ್ನುತ್ತೇನೆ, ಓಟ ಅಲ್ವಾ ಅದು.

ಇದನ್ನು ನೀನೇ ನೋಡಬಹುದು. ನಿಮ್ಮನೆಯಲ್ಲಿ ಪುಟ್ಟ ಮಗು ಇದ್ದರೆ ತೊಟ್ಟಿಲ ಹತ್ತಿರ ಕೂತು ರೆಪ್ಪೆ ನೋಡು. ಹುಟ್ಟಿದ ಮಗುವಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಇದೇ ನಿದ್ದೆ. ಬಾಣಂತಿ ಕೋಣೆಯಲ್ಲಿ ಅಜ್ಜಿಯರು "ಮಗು ದೇವರ ಜೊತೆ ಮಾತಾಡ್ತಾ ಇದೆ" ಅನ್ನುತ್ತಾರಲ್ಲ, ತುಟಿ ಅರಳಿಸಿ ನಗುವಾಗ, ಅದು ಈ ಹೊತ್ತಿನಲ್ಲೇ.

ರಾತ್ರಿ ಹತ್ತಕ್ಕೆ ಮಲಗಿದೆ ಅಂತಿಟ್ಟುಕೋ. ಮೊದಲು ಆಳದ ನಿದ್ದೆ. ಹನ್ನೊಂದೂವರೆ ಹೊತ್ತಿಗೆ ಕಣ್ಣೋಟದ ನಿದ್ದೆ ಮೊದಲ ಸಲ ಬರುತ್ತದೆ, ಹತ್ತು ನಿಮಿಷ ಇದ್ದು ಹೋಗುತ್ತದೆ. ಆಮೇಲೆ ಸುಮಾರು 90 ನಿಮಿಷಕ್ಕೊಮ್ಮೆ ಮತ್ತೆ ಬರುತ್ತದೆ, ಬಂದಾಗೆಲ್ಲ ಸ್ವಲ್ಪ ಜಾಸ್ತಿ ಹೊತ್ತು ಕೂರುತ್ತದೆ. ಬೆಳಗಿನ ಜಾವದ್ದು ಅರ್ಧ ಗಂಟೆಗೂ ಮಿಕ್ಕಿ. ದೊಡ್ಡವರ ನಿದ್ದೆಯಲ್ಲಿ ಕಾಲು ಭಾಗ ಇದಕ್ಕೇ ಹೋಗುತ್ತದೆ. ಬೇರೆ ನಿದ್ದೆಯಲ್ಲೂ ಕನಸು ಬೀಳುತ್ತದೆ, ಆದರೆ ಅವು ಸಾಮಾನ್ಯವಾಗಿ ಸಪ್ಪೆ, ಚಿಕ್ಕವು.

ಕಣ್ಣೋಟದ ನಿದ್ದೆಯ ಹೊತ್ತಿನಲ್ಲಿ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕು. ಚಿತ್ರ ಮೂಡಿಸುವ ಭಾಗ, ಹೆದರಿಕೆ-ಪ್ರೀತಿ-ಸಿಟ್ಟಿನ ಭಾಗ ಎಲ್ಲ ದುಡಿಯುತ್ತಿರುತ್ತವೆ. ಹಣೆಯ ಹಿಂದೆ ಇರುವ, "ಇದು ಸಾಧ್ಯಾನಾ? ಸರೀನಾ?" ಎಂದು ತೂಗಿ ನೋಡುವ ಭಾಗ ಮಾತ್ರ ಮಂಕಾಗಿರುತ್ತದೆ. ಮನೆ ಯಜಮಾನರು ಅಡಿಕೆ ಮಂಡಿಗೆ ಹೋದ ದಿನ ಮಕ್ಕಳೆಲ್ಲ ಅಟ್ಟ ಹತ್ತುವ ಹಾಗೆ. ಅದಕ್ಕೇ ಕನಸಲ್ಲಿ ನಿನ್ನ ಹೆಡ್‌ಮಾಸ್ಟರು ಎಮ್ಮೆ ಮೇಲೆ ಕೂತು ಬಂದರೂ ನಿನಗೆ ಏನೂ ವಿಚಿತ್ರ ಅನ್ನಿಸುವುದಿಲ್ಲ. ಎದ್ದ ಮೇಲೆ ನಗು ಬರುತ್ತದೆ.

ಇನ್ನು ನಿನ್ನ "ಯಾಕೆ". ಅಮೆರಿಕದ ಮನೋವೈದ್ಯರಾದ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ 1977ರಲ್ಲಿ ಒಂದು ಮಾತು ಹೇಳಿದರು. ಮಿದುಳಿನ ಬುಡದಿಂದ ಸುಮ್ನೆ ಅಡ್ಡಾದಿಡ್ಡಿ ಸಂಕೇತ ಮೇಲಕ್ಕೆ ಹೋಗುತ್ತದೆ, ಮೇಲಿನ ಮಿದುಳು ಅದಕ್ಕೆ ಹೇಗೋ ಒಂದು ಕತೆ ಹೊಂದಿಸುತ್ತದೆ, ಅದೇ ಕನಸು ಅಂತ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1983ರಲ್ಲಿ ಗ್ರೇಮ್ ಮಿಚಿಸನ್ ಜೊತೆ ಸೇರಿ, ಬೇಡದ ನೆನಪಿನ ಕಸ ಹೊರಹಾಕುವ ಕೆಲಸ ಇದು ಎಂದರು. ಫಿನ್ಲೆಂಡಿನ ಆಂಟಿ ರೆವೊನ್ಸುವೊ 2000ದಲ್ಲಿ ಬೇರೆಯೇ ಹೇಳಿದರು. ಅಪಾಯ ಬಂದರೆ ಏನು ಮಾಡಬೇಕು ಎಂದು ಮಿದುಳು ರಾತ್ರಿ ತಾಲೀಮು ಮಾಡುತ್ತದೆ, ಅದಕ್ಕೇ ಅಟ್ಟಿಸಿಕೊಂಡು ಬರುವ ಕನಸು ಅಷ್ಟು ಜಾಸ್ತಿ ಅಂತ. ಜಗಳ ಮುಗಿದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಬೇರೊಂದು. ನಮ್ಮ ಚಪ್ಪರದಲ್ಲಿ ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾರೆ. ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರ ತನಕ ಟಕ್ ಟಕ್ ಅಂತ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಹಟಕ್ಕೆ ಕೂತಿದ್ದೆ. ಬೆರಳೆಲ್ಲ ಚೊಗರಿನ ಕಪ್ಪು. ಮಲಗಿ ಕಣ್ಣು ಮುಚ್ಚಿದರೆ ಸಾಕು, ಸಿಪ್ಪೆ ಬಿಚ್ಚಿಕೊಂಡು ಅಡಿಕೆ ಉದುರುತ್ತಲೇ ಇರುತ್ತಿತ್ತು, ಒಂದಾದ ಮೇಲೆ ಒಂದು. ಇದನ್ನೇ ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಪರೀಕ್ಷೆ ಮಾಡಿದ್ದು ಗೊತ್ತಾದಾಗ ನನಗೆ ಖುಷಿಯೋ ಖುಷಿ. ಅವನು ಹಗಲೆಲ್ಲ ಬೆಟ್ಟ ಹತ್ತಿ ಬಂದು ಮಲಗಿದಾಗ ಕೈಗೆ ಬಂಡೆ ತಾಗಿದ ಹಾಗೇ ಅನ್ನಿಸಿತಂತೆ. ಜನರಿಗೆ ಟೆಟ್ರಿಸ್ ಆಟ ಆಡಿಸಿ ನೋಡಿದ, ಮೇಲಿಂದ ಇಟ್ಟಿಗೆ ಬೀಳುತ್ತವಲ್ಲ, ಆ ಆಟ. ನಿದ್ದೆಗೆ ಜಾರುವಾಗ ಬಹಳ ಮಂದಿಗೆ ಬೀಳುವ ಇಟ್ಟಿಗೆ ಕಂಡಿತು. 2000ದಲ್ಲಿ ಅದು ಪ್ರಕಟವಾಯಿತು. ಆಡಿದವರಲ್ಲಿ ಐದು ಜನ ಮಿದುಳಿಗೆ ಪೆಟ್ಟಾಗಿ ಹೊಸ ನೆನಪೇ ಉಳಿಯದವರು. ನಿನ್ನೆ ಆಡಿದ್ದು ಇವತ್ತು ನೆನಪಿಲ್ಲ, ಆಡಿಸಿದವರ ಮುಖವೂ ನೆನಪಿಲ್ಲ. ಅವರಲ್ಲೂ ಮೂವರಿಗೆ ಇಟ್ಟಿಗೆ ಕಂಡಿತು! ತನಗೆ ಯಾಕೆ ಹೀಗೆ ಕಾಣುತ್ತಿದೆ ಎಂದು ಅವರಿಗೇ ಗೊತ್ತಿಲ್ಲ.

ಅಂದರೆ ಹಗಲು ಬಂದ ಸರಕನ್ನು ಮಿದುಳು ರಾತ್ರಿ ಮತ್ತೆ ಕೈಗೆತ್ತಿಕೊಳ್ಳುತ್ತದೆ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ದರ್ಜೆ ಮಾಡುವ ಹಾಗೆ ಯಾವುದು ಇಡಬೇಕು, ಯಾವುದನ್ನು ಯಾವ ಹಳೆಯ ನೆನಪಿನ ಪಕ್ಕ ಇಡಬೇಕು ಎಂದು ವಿಂಗಡಿಸುತ್ತದೆ. ಓದಿದ್ದು ನಿದ್ದೆ ಮಾಡಿದ ಮೇಲೆ ಚೆನ್ನಾಗಿ ಉಳಿಯುತ್ತದೆ ಎಂಬುದು ಹಲವು ಪ್ರಯೋಗದಲ್ಲಿ ಕಂಡಿದೆ. ಕನಸು ಆ ವಿಂಗಡಿಸುವ ಕೆಲಸವೇನಾ, ಇಲ್ಲ ಆ ಕೆಲಸ ನಡೆಯುವಾಗ ಏಳುವ ಸದ್ದೇನಾ, ಅದು ಇನ್ನೂ ಚರ್ಚೆಯಲ್ಲಿದೆ. ದೊಡ್ಡವಳಾಗಿ ನೀನೇ ಕಂಡುಹಿಡಿ. ಸದ್ಯಕ್ಕೆ ಪರೀಕ್ಷೆ ಹಿಂದಿನ ದಿನ ರಾತ್ರಿಯೆಲ್ಲ ಕೂತು ಓದಬೇಡ.

ಪ್ರಶ್ನೆ: ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಾರೆ. ಅವರಿಗೆ ದಿನಾ ನೆನಪಿರುತ್ತದೆ, ತಿಂಡಿ ಹೊತ್ತಿಗೆ ಎಲ್ಲರಿಗೂ ಹೇಳುತ್ತಾರೆ. ನನಗೆ ಒಂದೂ ನೆನಪಿರುವುದಿಲ್ಲ. ನನಗೆ ಕನಸೇ ಬೀಳುವುದಿಲ್ಲವಾ?
— ಹೊಸನಗರದ ಗೃಹಿಣಿ

ಬೀಳುತ್ತದೆ ಮಾರಾಯ್ತಿ, ರಾತ್ರಿಗೆ ನಾಲ್ಕೈದು ಕಂತು. ನೀವು ಅಲಾರಾಂ ಹೊಡೆದ ಕೂಡಲೇ ಧಡಕ್ಕನೆ ಎದ್ದು ಒಲೆ ಹಚ್ಚಲು ಓಡುತ್ತೀರಿ, ಅಲ್ವಾ? ಅತ್ತೆ ಕಂಬಳಿಯೊಳಗೆ ಇನ್ನೊಂದು ಗಳಿಗೆ ಹೊರಳಾಡುತ್ತಾರೆ. ವ್ಯತ್ಯಾಸ ಅಲ್ಲೇ ಇದೆ. ಕಣ್ಣೋಟದ ನಿದ್ದೆಯಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮಿದುಳಲ್ಲಿ ತೀರಾ ಇಳಿದಿರುತ್ತದೆ. ನೆನಪು ಅಚ್ಚೊತ್ತಲು ಅದು ಬೇಕು. ಹಾಗಾಗಿ ಕನಸು ನೀರಿನ ಮೇಲೆ ಬರೆದ ಹಾಗೆ. ಎದ್ದ ಕೂಡಲೇ ಅಲುಗಾಡದೆ, ಕಣ್ಣು ಬಿಡದೆ ಒಂದು ನಿಮಿಷ ಅದನ್ನೇ ಹಿಡಿದುಕೊಂಡರೆ ಉಳಿಯುತ್ತದೆ. ಹಾಲು ಕಾಯಿಸುವ ಯೋಚನೆ ಬಂತೋ, ಹೋಯಿತು.

ಬೆಳಗಿನ ಜಾವದ ಕನಸಿಗೆ ಇಷ್ಟು ಮರ್ಯಾದೆ ಯಾಕೆ ಅನ್ನುವುದೂ ಇದರಲ್ಲೇ ಇದೆ. ಆ ಹೊತ್ತಿನ ಕಣ್ಣೋಟದ ನಿದ್ದೆ ಎಲ್ಲಕ್ಕಿಂತ ಉದ್ದ, ಕನಸೂ ಬಣ್ಣಬಣ್ಣದ್ದು. ಅದರ ನಡುವೆಯೇ ಎಚ್ಚರವಾಗುವುದರಿಂದ ನೆನಪಿರುತ್ತದೆ. ನೆನಪಿದ್ದ ಕನಸು ಮಾತ್ರ ನಿಜವಾಗಲು ಸಾಧ್ಯ! ನಡುರಾತ್ರಿಯ ಕನಸು ನಿಜವಾದರೂ ಸಾಕ್ಷಿ ಹೇಳುವವರು ಯಾರು? ಅತ್ತೆಯ ಕನಸಲ್ಲಿ ಹಸು ಹೆಣ್ಣುಕರು ಹಾಕಿತು, ನಿಜವಾಗಿಯೂ ಹಾಕಿತು ಎಂದು ಬರೆದಿದ್ದೀರಿ. ಹಾಕದೆ ಹೋದ ಕನಸುಗಳ ಲೆಕ್ಕ ಯಾರಾದರೂ ಇಟ್ಟಿದ್ದಾರಾ? ಅತ್ತೆಗೆ ಇದನ್ನು ಓದಿ ಹೇಳಬೇಡಿ. ಬೆಳಗಿನ ತಿಂಡಿಗೆ ಒಂದು ಕತೆ ಸಿಗುತ್ತದೆ, ಸಿಗಲಿ ಬಿಡಿ.

ಕನಸಿನಿಂದ ನಿಜಕ್ಕೂ ಲಾಭ ಆದ ಒಬ್ಬರ ಕತೆ ಹೇಳುತ್ತೇನೆ. ಆಸ್ಟ್ರಿಯಾದ ಗ್ರಾಜ್ ಊರಿನ ಆಟೊ ಲೋವಿ. ನರ ಹೃದಯಕ್ಕೆ ಸುದ್ದಿ ಮುಟ್ಟಿಸುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂಬುದು ಆಗಿನ ಜಗಳ. 1920ರಲ್ಲಿ ಒಂದು ರಾತ್ರಿ ಕನಸಲ್ಲಿ ಉತ್ತರ ಕಂಡಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲು ಬರಲಿಲ್ಲ. ಅವರೂ ಡಾಕ್ಟರೇ, ಏನು ಮಾಡುವುದು! ಇಡೀ ದಿನ ಒದ್ದಾಡಿದರು. ಮಾರನೇ ರಾತ್ರಿ ಮೂರು ಗಂಟೆಗೆ ಅದೇ ಕನಸು ಮತ್ತೆ ಬಿತ್ತು. ಈ ಸಲ ಚೀಟಿ ಸಹವಾಸ ಬೇಡ ಎಂದು ನೇರ ಪ್ರಯೋಗಾಲಯಕ್ಕೆ ಓಡಿದರು. ಎರಡು ಕಪ್ಪೆಯ ಹೃದಯ ತೆಗೆದುಕೊಂಡು, ಒಂದರ ನರ ಕೆಣಕಿ ಬಡಿತ ನಿಧಾನ ಮಾಡಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಕಿದರು. ಅದೂ ನಿಧಾನವಾಯಿತು. 1936ರಲ್ಲಿ ನೊಬೆಲ್ ಬಂತು. ಆದರೆ ಆ ಪ್ರಶ್ನೆ ವರ್ಷಗಟ್ಟಲೆ ಅವರ ತಲೆಯಲ್ಲಿ ಇತ್ತು. ಅದೇ ಕನಸು ನನಗೆ ಬಿದ್ದಿದ್ದರೆ "ಕಪ್ಪೆ ಕಂಡೆ, ಮಳೆ ಬರುತ್ತದೆ" ಅಂದುಕೊಂಡು ಮಗ್ಗಲು ಬದಲಿಸುತ್ತಿದ್ದೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಬಾಡಿಗೆ ರೂಮಲ್ಲಿ ಇದ್ದೇನೆ. ವಾರ ಬಿಟ್ಟು ವಾರ ನೈಟ್ ಶಿಫ್ಟ್. ಬೆಳಗ್ಗೆ ಮಲಗಿದಾಗ ಎಚ್ಚರವಾಗುತ್ತದೆ, ಕೈಕಾಲು ಅಲ್ಲಾಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಕೂಗಲು ಸ್ವರ ಬರುವುದಿಲ್ಲ. ಈ ರೂಮಲ್ಲಿ ಹಿಂದೆ ಒಬ್ಬರು ತೀರಿಕೊಂಡಿದ್ದರಂತೆ. ರೂಮು ಬದಲಿಸಲಾ?
— 24 ವರ್ಷದ ಓದುಗ

ಬಾಡಿಗೆ ಕಡಿಮೆಯಿದ್ದರೆ ಬದಲಿಸಬೇಡಪ್ಪ. ಇದಕ್ಕೆ ನಿದ್ದೆಯ ಲಕ್ವ ಎನ್ನಬಹುದು. ಕಣ್ಣೋಟದ ನಿದ್ದೆಯಲ್ಲಿ ಮಿದುಳಿನ ಬುಡ ಕೈಕಾಲಿನ ಸ್ನಾಯುಗಳ ಫ್ಯೂಸ್ ಕಿತ್ತಿಟ್ಟಿರುತ್ತದೆ. ಕನಸಲ್ಲಿ ಓಡಿದರೆ ನಿಜವಾಗಿ ಓಡಿಬಿಡಬಾರದಲ್ಲ. ನಿನಗೆ ಎಚ್ಚರ ಬಂತು, ಫ್ಯೂಸ್ ಹಾಕುವುದು ಸ್ವಲ್ಪ ತಡವಾಯಿತು. ಅಷ್ಟೇ. ಉಸಿರಿಗೆ ಮುಖ್ಯವಾದ ವಪೆ ಕೆಲಸ ಮಾಡುತ್ತಿರುತ್ತದೆ, ಎದೆಗೂಡಿನ ಉಳಿದ ಸ್ನಾಯು ಸಡಿಲವಾಗಿರುತ್ತವೆ, ಅದಕ್ಕೇ ಭಾರ ಅನ್ನಿಸುವುದು. ಅರ್ಧ ಕನಸು ಇನ್ನೂ ಕಣ್ಣಲ್ಲೇ ಇರುವುದರಿಂದ ಆ ಭಾರಕ್ಕೆ ಒಂದು ಮುಖವೂ ಕಾಣುತ್ತದೆ. ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ ಮುದಿ ಮಾಟಗಾತಿ ಬಂದು ಕೂರುತ್ತಾಳೆ ಅನ್ನುತ್ತಾರೆ, ಜಪಾನಿನವರು ಕನಶಿಬಾರಿ ಅನ್ನುತ್ತಾರೆ. ನಿನಗೆ ರೂಮಿನ ಓನರು ಒಂದು ಹೆಣದ ಕತೆ ಹೇಳಿದ್ದಾರೆ, ಅದು ಬಂತು.

ನಿದ್ದೆ ಕೆಟ್ಟವರಿಗೆ, ಪಾಳಿ ಬದಲಾಗುವವರಿಗೆ, ಅಂಗಾತ ಮಲಗುವವರಿಗೆ ಇದು ಜಾಸ್ತಿ. ಮಗ್ಗುಲಾಗಿ ಮಲಗು. ಬಂದಾಗ ಇಡೀ ಮೈ ಎಳೆದಾಡಬೇಡ, ಒಂದೇ ಬೆರಳ ತುದಿ ಅಲ್ಲಾಡಿಸಲು ನೋಡು. ಹಗಲಲ್ಲಿ ಮಾತಾಡುತ್ತಾ ಇದ್ದಂತೆ ನಿದ್ದೆಗೆ ಬೀಳುವುದು, ನಕ್ಕಾಗ ಮೊಣಕಾಲು ಕುಸಿಯುವುದು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸು.

ಪ್ರಶ್ನೆ: ನಮ್ಮ ಯಜಮಾನರಿಗೆ 66. ತುಂಬಾ ಮೆತ್ತಗಿನ ಮನುಷ್ಯ. ಎರಡು ವರ್ಷದಿಂದ ರಾತ್ರಿ ನಿದ್ದೆಯಲ್ಲಿ "ಹೋ, ಹೋ" ಎಂದು ಮಂಗ ಓಡಿಸುತ್ತಾರೆ. ಗೋಡೆಗೆ ಗುದ್ದುತ್ತಾರೆ. ಹೋದ ವಾರ ನನಗೆ ಒದ್ದು ಮಂಚದಿಂದ ಬಿದ್ದೆ. ಎಬ್ಬಿಸಿದರೆ "ತೋಟಕ್ಕೆ ಮಂಗ ಬಂದಿತ್ತು" ಎನ್ನುತ್ತಾರೆ. ನೆಂಟರು ನೂಲು ಕಟ್ಟಿಸಿ ಎನ್ನುತ್ತಿದ್ದಾರೆ.
— ಕೊಪ್ಪ ತಾಲ್ಲೂಕಿನ ಓದುಗರು

ಅಕ್ಕಾ, ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೊದಲು ತೆಗೆದಿಟ್ಟೆ. ಮಲೆನಾಡಿನ ಗಂಡಸರಿಗೆ ಮಂಗನ ಕನಸು ಬೀಳುವುದು ದೊಡ್ಡ ವಿಷಯವಲ್ಲ, ಹಗಲಿಡೀ ಅದೇ ಕೆಲಸ. ಆದರೆ ಕನಸಿನ ಹಾಗೇ ಕೈಕಾಲು ಆಡುವುದು ಬೇರೆ ವಿಷಯ.

ಮೇಲಿನ ಹುಡುಗನಿಗೆ ಫ್ಯೂಸ್ ಹಾಕುವುದು ತಡವಾಗುತ್ತದೆ. ನಿಮ್ಮ ಯಜಮಾನರಿಗೆ ಫ್ಯೂಸ್ ಕೀಳುವುದೇ ಆಗುತ್ತಿಲ್ಲ. ಫ್ರಾನ್ಸಿನ ಲಿಯೋನ್ ಊರಿನಲ್ಲಿ ಮಿಷೆಲ್ ಜೂವೆ ಎಂಬ ವಿಜ್ಞಾನಿ ಬೆಕ್ಕುಗಳ ಮಿದುಳ ಬುಡದಲ್ಲಿ ಒಂದು ಚಿಕ್ಕ ಜಾಗ ಹಾಳುಮಾಡಿ ನೋಡಿದರು. ಆ ಬೆಕ್ಕುಗಳು ಕಣ್ಣೋಟದ ನಿದ್ದೆ ಬಂದ ಕೂಡಲೇ ಎದ್ದು, ಇಲ್ಲದ ಇಲಿಯ ಮೇಲೆ ಹಾರುತ್ತಿದ್ದವು. ಎದುರು ನಿಜವಾದ ಇಲಿ ಇಟ್ಟರೆ ಅದು ಕಾಣುತ್ತಿರಲಿಲ್ಲ. ಮನುಷ್ಯರಲ್ಲೂ ಹೀಗಾಗುತ್ತದೆ ಎಂದು 1986ರಲ್ಲಿ ಅಮೆರಿಕದ ಮಿನ್ನೆಸೋಟದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಬರೆದರು. ಹೆಚ್ಚಾಗಿ ಐವತ್ತು ದಾಟಿದ ಗಂಡಸರು. ಹಗಲು ಸಾಧು, ರಾತ್ರಿ ಕುಸ್ತಿ.

ನೂಲು ಕಟ್ಟಿಸುವುದಾದರೆ ಕಟ್ಟಿಸಿ, ನನ್ನ ತಕರಾರಿಲ್ಲ. ಆದರೆ ಈ ತಿಂಗಳೊಳಗೆ ನರರೋಗ ತಜ್ಞರಿಗೆ ತೋರಿಸಲೇಬೇಕು. ಈ ತೊಂದರೆ ಇರುವವರಲ್ಲಿ ಬಹಳ ಮಂದಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದರ ದಾಯಾದಿ ಕಾಯಿಲೆ ಬರುತ್ತದೆ. ಹೆದರಿಸಲು ಹೇಳುತ್ತಿಲ್ಲ. ಗೊತ್ತಿದ್ದರೆ ಕಣ್ಣಿಡಬಹುದು ಅಂತ. ಒಗ್ಗರಣೆ ವಾಸನೆ ಮೂಗಿಗೆ ಹೊಡೆಯುತ್ತದಾ ಎಂದು ಕೇಳಿ. ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಮಲಬದ್ಧತೆ ಇದೆಯಾ ಗಮನಿಸಿ, ಡಾಕ್ಟರ ಹತ್ತಿರ ಹೇಳಿ. ಗೊರಕೆ ಹೊಡೆದು ಉಸಿರು ಕಟ್ಟುವವರೂ ಕೆಲವೊಮ್ಮೆ ಹೀಗೆ ಒದೆಯುತ್ತಾರೆ, ಅದನ್ನೂ ಅವರೇ ನೋಡಿ ಹೇಳುತ್ತಾರೆ. ಔಷಧಿ ಇದೆ. ನೀವಾಗೇ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ.

ಇವತ್ತೇ ಮಾಡಬೇಕಾದ್ದು: ಹಾಸಿಗೆ ನೆಲಕ್ಕೆ ಇಳಿಸಿ. ಮಂಚದ ಹತ್ತಿರ ತೂಗುಹಾಕಿದ ಕತ್ತಿ, ಟಾರ್ಚು, ಗಾಜಿನ ಲೋಟ ತೆಗೆಯಿರಿ. ಮಂಗ ಹೆದರಿಸುವ ಕೋವಿ ಮನೆಯಲ್ಲಿದ್ದರೆ ಬೀಗದೊಳಗೆ. ಮತ್ತೆ ನೀವು ಸದ್ಯ ಬೇರೆ ಹಾಸಿಗೆಯಲ್ಲಿ ಮಲಗಿ. ಅವರಿಗೆ ಬೇಜಾರಾದರೆ ಆಗಲಿ.

ಚುಟುಕು ಉತ್ತರ

ನಾಯಿಗೆ ಕನಸು ಬೀಳುತ್ತದಾ? (ಸಾಗರ) ನಾಯಿಗೂ ಕಣ್ಣೋಟದ ನಿದ್ದೆ ಇದೆ. ನಮ್ಮನೆ ನಾಯಿ ಬಚ್ಚಲ ಒಲೆ ಪಕ್ಕ ಮಲಗಿ ಕಾಲು ಜಾಡಿಸುತ್ತಾ ಮೆಲ್ಲಗೆ "ಬುಫ್" ಅನ್ನುತ್ತದೆ. ಏನು ಕಂಡಿತು ಎಂದು ಅದು ಹೇಳಿಲ್ಲ.

ಹುಟ್ಟುಕುರುಡರಿಗೆ? (ಶಿಕಾರಿಪುರ) ಬೀಳುತ್ತದೆ. ಚಿತ್ರ ಇರುವುದಿಲ್ಲ, ದನಿ, ವಾಸನೆ, ಮುಟ್ಟಿದ ಅನುಭವ ಇರುತ್ತದೆ. ಏಳು ವರ್ಷ ವಯಸ್ಸಾದ ನಂತರ ಕಣ್ಣು ಹೋದವರಿಗೆ ಸಾಮಾನ್ಯವಾಗಿ ಚಿತ್ರವೂ ಕಾಣುತ್ತದೆ.

ನನ್ನ ಕನಸು ಕಪ್ಪು-ಬಿಳುಪು, ಮಗನದ್ದು ಕಲರ್. ಯಾಕೆ? (ಭದ್ರಾವತಿ) ನೀವು ಚಿಕ್ಕವರಿದ್ದಾಗ ನೋಡಿದ ಟಿವಿ ಯಾವುದು? ಕಪ್ಪು-ಬಿಳುಪು ಟಿವಿ ನೋಡಿ ಬೆಳೆದವರು ಹೀಗೆ ಹೇಳುವುದು ಜಾಸ್ತಿ.

ಮಾತ್ರೆಯಿಂದ ಕೆಟ್ಟ ಕನಸು ಬೀಳುತ್ತದಾ? (ಸೊರಬ) ಬೀಳುತ್ತದೆ, ನನ್ನನ್ನೇ ಕೇಳಿ. ಅರೆತಲೆನೋವಿಗೆ ನಾನು ಪ್ರೊಪ್ರನೊಲಾಲ್ ಶುರು ಮಾಡಿದ್ದೆ. ರಾತ್ರಿ ರಾತ್ರಿ ಬಾವಿಗೆ ಬೀಳುವ ಕನಸು. ಮೂರು ತಿಂಗಳು ಬಾವಿಕಟ್ಟೆಗೆ ಬಲೆ ಹಾಕಿಸಿದೆ, ಜಾಗ ಬದಲಿಸಿ ಮಲಗಿದೆ. ಇದು ಆ ಮಾತ್ರೆಯ ಪರಿಚಿತ ಅಡ್ಡಪರಿಣಾಮ, ನಾನೇ ಎಷ್ಟೋ ರೋಗಿಗಳಿಗೆ ಹೇಳಿದ್ದೆ. ನನಗೆ ಮಾತ್ರ ಹೊಳೆಯಲಿಲ್ಲ. ನೀವು ಹಾಗಂತ ಮಾತ್ರೆ ದಿಢೀರ್ ನಿಲ್ಲಿಸಬೇಡಿ, ಅದು ಅಪಾಯ. ಬರೆದುಕೊಟ್ಟವರನ್ನು ಕೇಳಿ ಬದಲಿಸಿಕೊಳ್ಳಿ.

ಪ್ರಶ್ನೆ: ನನಗೆ 78. ನಮ್ಮ ಮೂಲ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಊರು ಬಿಟ್ಟಾಗ ನನಗೆ ಹದಿನಾರು. ಆಮೇಲೆ ಎರಡು ಮನೆ ಕಟ್ಟಿದೆ. ಕನಸಲ್ಲಿ ಮಾತ್ರ ಯಾವಾಗಲೂ ಹಳೆಯ ಮನೆಯೇ. ಅಲ್ಲಿ ನೀರು ಇರುವುದೇ ಇಲ್ಲ. ಆ ಮನೆಯನ್ನು ನನ್ನ ಹೆಂಡತಿ ಕಣ್ಣಲ್ಲಿ ಕಂಡವಳಲ್ಲ, ಆದರೆ ಕನಸಲ್ಲಿ ಅಲ್ಲೇ ಒಲೆ ಊದುತ್ತಿರುತ್ತಾಳೆ. ಜಾಗ ಏನಾದರೂ ಬೇಡುತ್ತಿದೆಯಾ? ದೀಪ ಇಡಬೇಕಾ?
— ಶರಾವತಿ ಸಂತ್ರಸ್ತ, ಈಗ ಶಿವಮೊಗ್ಗ ಹತ್ತಿರ

ಹಿರಿಯರೆ, ನಿಮ್ಮ ಪತ್ರ ಓದಿ ನಾನು ಒಂದು ಲೋಟ ಚಹಾ ಆರುವ ತನಕ ಸುಮ್ನೆ ಕೂತಿದ್ದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅರವತ್ತು ವರ್ಷ ದಾಟಿತು. ನಾನು ಸರ್ಕಾರಿ ಕೆಲಸದಲ್ಲಿದ್ದಾಗ ನಿಮ್ಮ ಹಾಗೆ ಊರು ಬಿಟ್ಟವರನ್ನು ಬಹಳ ನೋಡಿದ್ದೇನೆ. ಬಿಪಿ ನೋಡುವಾಗ ಅವರು ಹೇಳುತ್ತಿದ್ದುದು ಹೊಸ ಊರಿನ ಸುದ್ದಿಯಲ್ಲ, ನೀರಿನಡಿಯ ಗದ್ದೆಯ ಹೆಸರುಗಳು.

ಮಿದುಳಿನ ಒಳಗೆ ಹಿಪೊಕ್ಯಾಂಪಸ್ ಎಂಬ ಭಾಗ ಇದೆ, ಕಿವಿಯ ನೇರಕ್ಕೆ ಒಳಗೆ. ಹೊಸ ನೆನಪು ಕಟ್ಟುವುದು ಅದೇ, ಜಾಗದ ನಕ್ಷೆ ಇಡುವುದೂ ಅದೇ. ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ನರಕೋಶ ಮಿಡಿಯುತ್ತದೆ ಎಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. 2014ರಲ್ಲಿ ನೊಬೆಲ್ ಹಂಚಿಕೊಂಡರು. 1994ರಲ್ಲಿ ಮ್ಯಾಥ್ಯೂ ವಿಲ್ಸನ್, ಬ್ರೂಸ್ ಮೆಕ್‌ನಾಟನ್ ಇನ್ನೊಂದು ಕಂಡರು. ಹಗಲು ಇಲಿ ಓಡಾಡುವಾಗ ಒಟ್ಟಿಗೆ ಮಿಡಿದ ನರಕೋಶಗಳು ಅದು ಮಲಗಿದ ಮೇಲೂ ಮತ್ತೆ ಒಟ್ಟಿಗೆ ಮಿಡಿಯುತ್ತವೆ. ಮಲಗಿಕೊಂಡೇ ಇಲಿ ದಾರಿ ನಡೆಯುತ್ತದೆ ಅನ್ನಿ.

ನೀವು ಹದಿನಾರು ವರ್ಷ ಆ ಮನೆಯ ಹೊಸ್ತಿಲು ದಾಟಿದ್ದೀರಿ. ಕತ್ತಲೆಯಲ್ಲಿ ಬಚ್ಚಲಿಗೆ ಎಷ್ಟು ಹೆಜ್ಜೆ, ಕೊಟ್ಟಿಗೆಯ ತಡೆಗೋಲು ಎಲ್ಲಿ ತಾಗುತ್ತದೆ ಎಂದು ಕಾಲಿಗೇ ಗೊತ್ತಿತ್ತು. ಮೊದಲ ಮನೆ ಅಂದರೆ ಅದು, ಮುಂದಿನದೆಲ್ಲ ಅದರ ಮೇಲೆ ಕಟ್ಟಿದ್ದು. ಅದರ ಜೊತೆ ದುಃಖವೂ ಸೇರಿತು. ಎದೆಗೆ ತಾಗಿದ ನೆನಪು ಬೇರೆಯವಕ್ಕಿಂತ ಗಟ್ಟಿ. ಕನಸಿಗೆ ಒಂದು ಮನೆ ಬೇಕಾದಾಗ ಮಿದುಳು ಕೈಗೆ ಸಿಗುವ ಮನೆಯನ್ನು ಎತ್ತಿಕೊಳ್ಳುತ್ತದೆ. ಒಳಗೆ ಕೂರಿಸುವ ಜನ ಮಾತ್ರ ಇವತ್ತಿನವರು, ಅದಕ್ಕೇ ನಿಮ್ಮ ಮನೆಯವರು ಅಲ್ಲಿ ಒಲೆ ಊದುತ್ತಿದ್ದಾರೆ. ನೀರು ಯಾಕಿಲ್ಲ? ನೀರು ನಿಂತ ಮೇಲೆ ನೀವು ಆ ಮನೆಯೊಳಗೆ ಕಾಲಿಟ್ಟಿಲ್ಲವಲ್ಲ. ನಿಮ್ಮ ನಕ್ಷೆಯಲ್ಲಿ ಅದು ಮುಳುಗಿಲ್ಲ. ಇದು ನನ್ನ ಊಹೆ, ಪುಸ್ತಕದ ಮಾತಲ್ಲ.

ದೀಪ ಇಡಬೇಕು ಅನ್ನಿಸಿದರೆ ಇಡಿ, ಮನಸ್ಸಿಗೆ ಹಗುರಾಗುತ್ತದೆ. ಆದರೆ ಬೇಡುತ್ತಿರುವುದು ಜಾಗವಲ್ಲ. ನೀರು ತೀರಾ ಇಳಿದ ಒಂದು ಬೇಸಿಗೆಯಲ್ಲಿ ಅದೇ ಹಿನ್ನೀರಿನಲ್ಲಿ ಮುಳುಗಿದ್ದ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದಿದೆ ಎಂದು ಕೇಳಿ ನಾನೂ ನೋಡಲು ಹೋಗಿದ್ದೆ. ದಾರಿಯಲ್ಲಿ ಒಡೆದ ಕೆಸರಿನ ನಡುವೆ ಮೂರು ಕಲ್ಲಿನ ಮೆಟ್ಟಿಲು ಎದ್ದು ನಿಂತಿದ್ದವು. ಹಿಂದೆ ಮನೆಯಿಲ್ಲ, ಏನೂ ಇಲ್ಲ. ಒಬ್ಬ ಅಜ್ಜ ಚಪ್ಪಲಿ ಬಿಟ್ಟು ಆ ಮೆಟ್ಟಿಲು ಹತ್ತಿ, ಮತ್ತೆ ಇಳಿದು, ಚಪ್ಪಲಿ ಮೆಟ್ಟಿಕೊಂಡು ಹೋದ. ಯಾರ ಮನೆಯದೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಹತ್ತಿರ ಒಂದು ಕೆಲಸ ಹೇಳಲಾ? ಮೊಮ್ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಳೆ ತೆಗೆದುಕೊಂಡು ಆ ಮನೆಯ ನಕ್ಷೆ ಬರೆಯಿರಿ. ಹೆಬ್ಬಾಗಿಲು, ಜಗಲಿ, ಕತ್ತಲೆಕೋಣೆ, ಬಚ್ಚಲು, ಬಾವಿ. ಎದ್ದ ಕೂಡಲೇ ಬರೆದರೆ ಇನ್ನೂ ಒಳ್ಳೆಯದು. ನನಗೂ ಒಂದು ಪ್ರತಿ ಕಳಿಸಿ.

ಹಾವಿನವರಿಗೆ

ಆಗುಂಬೆಯಿಂದ ಆನಂದಪುರದ ತನಕ ಹಾವು ಕಂಡವರೆಲ್ಲ ಕೇಳಿ. ನಿಮ್ಮ ತೋಟದಲ್ಲಿ ಹಾವಿದೆ, ಸೌದೆ ಕೊಟ್ಟಿಗೆಯಲ್ಲಿ ಹಾವಿದೆ. ಚಿಕ್ಕಂದಿನಿಂದ "ನೋಡಿ ಕಾಲಿಡು" ಎಂದು ಬೈಸಿಕೊಂಡು ಬೆಳೆದಿದ್ದೀರಿ. ಕನಸಲ್ಲಿ ಹಿಮಕರಡಿ ಬರಬೇಕಿತ್ತಾ? ದೋಷ ಪರಿಹಾರಕ್ಕೆ ಇಷ್ಟು ಸಾವಿರ ಎಂದು ಯಾರಾದರೂ ಹೇಳಿದ್ದರೆ ಅದರಲ್ಲಿ ಒಂದು ಒಳ್ಳೆಯ ಟಾರ್ಚು, ಒಂದು ಜೊತೆ ಗಂಬೂಟು ಕೊಳ್ಳಿ. ನಿಜವಾದ ಹಾವಿಗೆ ಅವು ಬೇಕು.

ಒಬ್ಬರು ಕೊನೆಗೆ ಕೇಳಿದ್ದಾರೆ, "ಡಾಕ್ಟ್ರಮ್ಮಾ, ನಿಮಗೆ ಯಾವ ಕನಸು ಬೀಳುತ್ತದೆ?" ಅಂತ. ನಿವೃತ್ತಿಯಾಗಿ ಹತ್ತು ವರ್ಷ ಕಳೆದರೂ ಒಂದೇ ಕನಸು. ಅನಾಟಮಿ ಪರೀಕ್ಷೆ. ಹಾಲ್ ಟಿಕೆಟ್ ಮನೆಯಲ್ಲೇ ಮರೆತಿದ್ದೇನೆ, ಓಡುತ್ತಿದ್ದೇನೆ, ದಾರಿಯಲ್ಲಿ ನಮ್ಮತ್ತೆ ಸಿಕ್ಕಿ "ಮೊದಲು ಅಡಿಕೆ ಎತ್ತಿಡು, ಮಳೆ ಬರ್ತಾ ಇದೆ" ಎನ್ನುತ್ತಾರೆ. ಹೋದ ಶುಕ್ರವಾರವೂ ಬಿತ್ತು. ಎದ್ದು ಅಂಗಳಕ್ಕೆ ಹೋಗಿ ನೋಡಿದೆ. ಅಡಿಕೆ ಹೊರಗೇ ಇತ್ತು, ಸಣ್ಣಗೆ ಹನಿ ಶುರುವಾಗಿತ್ತು. ಇದನ್ನು ಹೊಸನಗರದ ಅತ್ತೆಗೆ ಯಾರೂ ಹೇಳಬೇಡಿ.